ಮೋಟರ್‌ಹೋಮ್ ಮಾಡಿಸುವವರ ಪ್ರಶ್ನೆಗಳು: ಯಾವ ಸೌಲಭ್ಯ ಇರಲಿ, ಯಾವುದು ಬೇಡ?

ಪ್ರಶ್ನೆ: ನಮಸ್ಕಾರ ಸರ್. ನಾಲ್ಕು ಜನರ ಕುಟುಂಬಕ್ಕೆ ಮೋಟರ್‌ಹೋಮ್ (ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ) ಮಾಡಿಸುತ್ತಿದ್ದೇವೆ. ಚಾಸಿಯ (ಗಾಡಿಯ ತಳಚೌಕಟ್ಟಿನ) ಒಟ್ಟು ತೂಕದ ಮಿತಿ 7,500 ಕೆ.ಜಿ. ಬಾಡಿ, ಮರಗೆಲಸ, ಸೀಟು ಎಲ್ಲ ಸೇರಿ 6,300 ಕೆ.ಜಿ ಆಗುತ್ತದೆ ಅಂತ ಬಾಡಿ ಕಟ್ಟುವವರು ಹೇಳಿದ್ದಾರೆ. ಗ್ರಾನೈಟ್ ಅಡುಗೆಕಟ್ಟೆ, ರಾತ್ರಿಯಿಡೀ ಎ.ಸಿ., ಇಂಡಕ್ಷನ್ ಒಲೆ, ಜನರೇಟರ್, 300 ಲೀಟರ್ ನೀರು, ಹಿಂದೆ ಬೈಕ್ ಕ್ಯಾರಿಯರ್ ಬೇಕು ಅಂದುಕೊಂಡಿದ್ದೇವೆ. ಮೊದಲು ಯಾವುದನ್ನು ತೀರ್ಮಾನಿಸಬೇಕು?

ಉತ್ತರ: ಮೊದಲು ತೂಕ ನೋಡಿ. ನಿಮಗೆ ಉಳಿದಿರುವುದು 1,200 ಕೆ.ಜಿ. ನೀರು 300, ನಾಲ್ವರು 280, ಬಟ್ಟೆ-ಹಾಸಿಗೆ-ಪಾತ್ರೆ-ದಿನಸಿ 250, ಬ್ಯಾಟರಿ-ಇನ್ವರ್ಟರ್-ಸೋಲಾರ್ 200, ಜನರೇಟರ್ 100 ಅಂತ ಹಿಡಿಯಿರಿ. ಅಲ್ಲಿಗೆ 1,130 ಆಯಿತು, ಕೈಯಲ್ಲಿರುವುದು 70 ಕೆ.ಜಿ. ಮಾತ್ರ. 20 ಮಿ.ಮೀ ದಪ್ಪದ ಗ್ರಾನೈಟ್ ಚದರ ಮೀಟರಿಗೆ ಸುಮಾರು 54 ಕೆ.ಜಿ ತೂಗುತ್ತದೆ. ಎರಡು ಚದರ ಮೀಟರ್ ಹಾಕಿಸಿದರೆ ಅಷ್ಟಕ್ಕೇ ಮಿತಿ ದಾಟುತ್ತದೆ, ಬೈಕ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕಲ್ಲಿನ ನೋಟವೇ ಬೇಕಿದ್ದರೆ ಜೇನುಗೂಡು ಹಲಗೆಯ (ಒಳಗೆ ಜೇನುಗೂಡಿನಂತೆ ಪೊಳ್ಳಾಗಿರುವ ಹಗುರ ಹಲಗೆ) ಮೇಲೆ ತೆಳು ಕಲ್ಲಿನ ಪದರ ಅಂಟಿಸಿದ್ದು ಸಿಗುತ್ತದೆ, ಅದನ್ನೇ ಹಾಕಿಸಿ. ಆ 6,300ರಲ್ಲಿ ತುಂಬಿದ ಡೀಸೆಲ್ ಟ್ಯಾಂಕ್ ಸೇರಿದೆಯೇ ಅಂತಲೂ ಕೇಳಿ. ಎಷ್ಟೋ ಅಂದಾಜುಗಳಲ್ಲಿ ಅದು ಬಿಟ್ಟುಹೋಗಿರುತ್ತದೆ.

ಬೈಕ್ ಕ್ಯಾರಿಯರ್ ವಿಷಯದಲ್ಲಿ ಬೈಕಿನ ತೂಕವಷ್ಟೇ ನೋಡಿದರೆ ಸಾಲದು. ಮುಂದಿನ, ಹಿಂದಿನ ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ನಡುವೆ 4 ಮೀಟರ್ ಇದ್ದು, ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಹಿಂದೆ 100 ಕೆ.ಜಿ ತೂಗುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 150 ಕೆ.ಜಿ. ಮುಂದಿನ ಆಕ್ಸಲ್‌ನಲ್ಲಿ 50 ಕೆ.ಜಿ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಟೈರ್ ಕಾದು ಸಿಡಿಯುವುದಕ್ಕೆ ಇದು ದೊಡ್ಡ ಕಾರಣ. ನೀರಿನ ಟ್ಯಾಂಕ್, ಬ್ಯಾಟರಿ ಎರಡೂ ಆಕ್ಸಲ್‌ಗಳ ನಡುವೆ, ತಳಮಟ್ಟದಲ್ಲಿ, ಎಡಬಲ ತೂಗಿಸಿಕೊಂಡು ಕೂರಲಿ.

ಪ್ರಶ್ನೆ: ಜನರೇಟರ್ ಬಿಟ್ಟುಬಿಟ್ಟರೆ ಬ್ಯಾಟರಿಯಲ್ಲೇ ರಾತ್ರಿಯೆಲ್ಲ ಎ.ಸಿ. ಓಡುತ್ತದೆಯೇ ಸರ್?

ಉತ್ತರ: ಓಡುತ್ತದೆ. ಆದರೆ ಎಷ್ಟು ಕರೆಂಟ್ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿಯೇ ಬ್ಯಾಟರಿ ಆರಿಸಬೇಕು. ಇನ್ವರ್ಟರ್ ಎ.ಸಿ. ಸರಾಸರಿ 600 ವ್ಯಾಟ್‌ನಂತೆ 8 ಗಂಟೆ ಓಡಿದರೆ 4.8 ಯೂನಿಟ್. ಇಂಡಕ್ಷನ್ ಒಂದು ಗಂಟೆಗೆ 1.8, ಕಂಪ್ರೆಸರ್ ಫ್ರಿಜ್ ದಿನಕ್ಕೆ 0.8, ದೀಪ-ಫ್ಯಾನ್-ಪಂಪ್-ಲ್ಯಾಪ್‌ಟಾಪ್ 0.8. ಒಟ್ಟು 8.2. ಇನ್ವರ್ಟರ್‌ನಲ್ಲಿ ನಷ್ಟವಾಗುವುದನ್ನೂ ಸೇರಿಸಿ 9 ಅನ್ನಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಶೇ. 80ರಷ್ಟನ್ನೇ ದಿನವೂ ಬಳಸುವುದು ಒಳ್ಳೆಯದು, ಹಾಗಾಗಿ 11 ಯೂನಿಟ್‌ಗಿಂತ ಕಡಿಮೆ ಬೇಡ. 51.2 ವೋಲ್ಟ್ (ಇದನ್ನೇ 48 ವೋಲ್ಟ್ ಪ್ಯಾಕ್ ಅನ್ನುತ್ತಾರೆ), 280 ಆಂಪಿಯರ್-ಅವರ್ ಪ್ಯಾಕಿನಲ್ಲಿ 14.3 ಯೂನಿಟ್ ಇರುತ್ತದೆ, ಒಂದು ಮೋಡದ ದಿನಕ್ಕೂ ಸ್ವಲ್ಪ ಉಳಿಯುತ್ತದೆ.

ಖಾಲಿಯಾದದ್ದನ್ನು ತುಂಬಿಸುವುದು ಹೇಗೆ ಅನ್ನುವುದು ಇದಕ್ಕಿಂತ ಮುಖ್ಯ. ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿಸಿದ 1,200 ವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ ಸುಮಾರು 3.8 ಯೂನಿಟ್ ಕೊಡುತ್ತದೆ. ಚಾವಣಿಯ ಮೇಲಿನ ಎ.ಸಿ. ಪೆಟ್ಟಿಗೆಯ ನೆರಳು ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದರೂ ಸರಣಿಯಲ್ಲಿರುವ ಉಳಿದ ಪ್ಯಾನೆಲ್‌ಗಳಿಂದ ಬರುವ ಕರೆಂಟೂ ಇಳಿಯುತ್ತದೆ. ಆದ್ದರಿಂದ ಚಾವಣಿಯ ನಕ್ಷೆಯನ್ನು ಮೊದಲೇ ಬರೆಸಿ. ಮಿಕ್ಕದ್ದು ಇಂಜಿನ್ ಓಡುವಾಗ ಕರೆಂಟ್ ಮಾಡುವ ಆಲ್ಟರ್ನೇಟರ್‌ನಿಂದ ಬರಬೇಕು. ಆ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಮೂಲಕ 1.4 ಕಿಲೋವ್ಯಾಟ್ ಸಿಕ್ಕರೆ ಮೂರು ಗಂಟೆ ಓಡಿಸಿದಾಗ 4.2 ಯೂನಿಟ್. ಗಾಡಿಯ ಜೊತೆ ಬಂದ ಆಲ್ಟರ್ನೇಟರ್‌ನಿಂದ ಗಂಟೆಗಟ್ಟಲೆ ಇಷ್ಟು ಎಳೆದರೆ ಕಾದು ಸುಟ್ಟುಹೋಗಬಹುದು, ಎರಡನೆಯದನ್ನು ಕೂರಿಸಲು ಇಂಜಿನ್‌ನಲ್ಲಿ ಜಾಗ ಇದೆಯೇ ಅಂತ ಚಾಸಿ ಕೊಳ್ಳುವಾಗಲೇ ವಿಚಾರಿಸಿ. ದಿನವೂ ಗಾಡಿ ಓಡಿಸುವವರಾದರೆ ಜನರೇಟರ್ ಬಿಡಬಹುದು. ಒಂದೇ ಕಡೆ ನಾಲ್ಕೈದು ದಿನ ನಿಲ್ಲಿಸುವವರಾದರೆ, ಅಲ್ಲಿ ಪ್ಲಗ್ ಪಾಯಿಂಟ್ ಸಿಗದಿದ್ದರೆ, ಬಿಡಬೇಡಿ.

ಪ್ರಶ್ನೆ: 12 ವೋಲ್ಟ್ ಸಾಮಾನು ಸುಲಭವಾಗಿ ಸಿಗುತ್ತದೆ. 48 ಯಾಕೆ?

ಉತ್ತರ: 3,000 ವ್ಯಾಟ್‌ಗೆ 12 ವೋಲ್ಟ್‌ನಲ್ಲಿ 250 ಆಂಪಿಯರ್ ಹರಿಯಬೇಕು, 48ರಲ್ಲಿ ಸುಮಾರು 63 ಸಾಕು. ಅದೇ ವೈರಿನಲ್ಲಿ ಕರೆಂಟ್ ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟಾಗುತ್ತದೆ. ಬೆಂಕಿ ಹೆಚ್ಚಾಗಿ ಶುರುವಾಗುವುದು ಲಗ್‌ನಲ್ಲಿ, ಅಂದರೆ ವೈರಿನ ತುದಿಗೆ ಹಾಕುವ ಲೋಹದ ಕೊಂಡಿಯಲ್ಲಿ. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್ ಗಾಡಿಯ ಅಲುಗಾಟಕ್ಕೆ ಸಡಿಲವಾಗಿ, ಕಾದು, ವೈರಿನ ಮೇಲಿನ ಹೊದಿಕೆಯನ್ನು ಕರಗಿಸುತ್ತದೆ. ಹೈಡ್ರಾಲಿಕ್ ಕ್ರಿಂಪಿಂಗ್ (ಯಂತ್ರದಿಂದ ಒತ್ತಿ ಕೂರಿಸುವುದು) ಆಗಲಿ. ಬ್ಯಾಟರಿಯ ಪ್ಲಸ್ ತುದಿಗೆ ಅಂಟಿಕೊಂಡಂತೆಯೇ ಕ್ಲಾಸ್-ಟಿ ಫ್ಯೂಸ್ ಇರಲಿ. ಲಿಥಿಯಂ ಪ್ಯಾಕ್ ಶಾರ್ಟ್ ಆದಾಗ ಸಾವಿರಾರು ಆಂಪಿಯರ್ ನುಗ್ಗುತ್ತದೆ, ಅದನ್ನು ಕಡಿದು ನಿಲ್ಲಿಸುವ ಶಕ್ತಿ ಸಾಧಾರಣ ಫ್ಯೂಸ್‌ಗಿಲ್ಲ. ದೀಪ, ಪಂಪ್‌ಗೆ 48ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಒಂದು ಹಾಕಿಸಿದರಾಯಿತು.

ಪ್ರಶ್ನೆ: ಮೇಡಂ ಒಬ್ಬರು ಸ್ಲೈಡ್-ಔಟ್ (ಗಾಡಿ ನಿಂತಾಗ ಹೊರಕ್ಕೆ ಜಾರುವ ಗೋಡೆಯ ಭಾಗ) ಹಾಕಿಸಿಕೊಳ್ಳಿ, ಹಾಲ್ ದೊಡ್ಡದಾಗುತ್ತದೆ ಅಂದರು. ಹಾಕಿಸಬಹುದೇ?

ಉತ್ತರ: ನಕ್ಷೆಯಲ್ಲಿ ಸ್ಲೈಡನ್ನು ಒಳಗೆ ಎಳೆದುಕೊಂಡ ಸ್ಥಿತಿಯನ್ನು ಬರೆಸಿ ನೋಡಿ. ಆಗಲೂ ಶೌಚಾಲಯಕ್ಕೆ ದಾರಿ ಇರಬೇಕು, ಫ್ರಿಜ್ ಬಾಗಿಲು ತೆರೆಯಬೇಕು, ಒಬ್ಬರಾದರೂ ಮಲಗಲು ಆಗಬೇಕು. ಇಲ್ಲದಿದ್ದರೆ ರಸ್ತೆ ಬದಿ ಅರ್ಧ ಗಂಟೆ ನಿಂತರೂ ಸ್ಲೈಡ್ ಬಿಚ್ಚಬೇಕಾಗುತ್ತದೆ. ಗಾಡಿಯನ್ನು ಮಟ್ಟ ಮಾಡದೆ ಬಿಚ್ಚಿದರೆ ಹಳಿ ತಿರುಚಿಕೊಂಡು ಸೀಲ್ ಮೂಲೆಯಲ್ಲಿ ಬಾಯಿ ಬಿಡುತ್ತದೆ, ಮಳೆನೀರು ಒಳಬರುವುದು ಅಲ್ಲಿಂದಲೇ. ಮೋಟರ್ ಕೆಟ್ಟರೆ ಕೈಯಿಂದ ತಿರುಗಿಸುವ ಹ್ಯಾಂಡಲ್ ಎಲ್ಲಿ ಸಿಕ್ಕಿಸಬೇಕು ಅಂತ ತೋರಿಸಿಕೊಂಡೇ ಗಾಡಿ ತೆಗೆದುಕೊಳ್ಳಿ. ನಿಮ್ಮ ತೂಕದ ಲೆಕ್ಕ ನೋಡಿದರೆ ನಾನು ಬೇಡ ಅನ್ನುತ್ತೇನೆ.

ಪ್ರಶ್ನೆ: ನೀರು 300 ಲೀಟರ್ ಸಾಕಾ?

ಉತ್ತರ: ಸಾಕು. ಆದರೆ ಬಳಸಿದ ನೀರಿನ ಟ್ಯಾಂಕ್ 100 ಲೀಟರ್ ಇಟ್ಟರೆ ಸ್ನಾನ ಅಲ್ಲಿಗೇ ನಿಲ್ಲುತ್ತದೆ, 250 ಆದರೂ ಇರಲಿ. ತೆಗೆದು ಖಾಲಿ ಮಾಡುವ ಕ್ಯಾಸೆಟ್ ಶೌಚಾಲಯ 18-20 ಲೀಟರ್ ಹಿಡಿಯುತ್ತದೆ, ನಾಲ್ವರಿಗೆ ಎರಡು ದಿನ ಬಂದರೆ ಹೆಚ್ಚು. ಸ್ಥಿರ ಮಲದ ಟ್ಯಾಂಕ್ ಆದರೆ ಅದರ ವಾಲ್ವನ್ನು ಯಾವಾಗಲೂ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿ ಭಾಗ ತಳದಲ್ಲೇ ಒಣಗುತ್ತದೆ. ಮುಕ್ಕಾಲು ತುಂಬಿದ ಮೇಲೆ ಮೊದಲು ಅದನ್ನು, ಆಮೇಲೆ ಸ್ನಾನದ ನೀರನ್ನು ಬಿಟ್ಟರೆ ಪೈಪೂ ತೊಳೆದುಹೋಗುತ್ತದೆ. ಮಟ್ಟ ತೋರಿಸುವ ಸೆನ್ಸರ್ ಟ್ಯಾಂಕಿನ ಹೊರಗೋಡೆಗೆ ಅಂಟಿಸುವಂಥದ್ದೇ ಇರಲಿ, ಟ್ಯಾಂಕಿನೊಳಗೆ ಕೂರುವ ಸೆನ್ಸರ್‌ಗಳ ಮೊಳೆಗಳಿಗೆ ಕೊಳೆ ಮೆತ್ತಿ ಸದಾ 'ತುಂಬಿದೆ' ಅಂತಲೇ ತೋರಿಸುತ್ತವೆ.

ಪ್ರಶ್ನೆ: ಹಿಂದಿನ ಸೋಫಾದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಿಸಬಹುದೇ?

ಉತ್ತರ: ಸೀಟ್ ಬೆಲ್ಟ್‌ನ ಬೋಲ್ಟ್ ಉಕ್ಕಿನ ಚೌಕಟ್ಟಿನ ಮೂಲಕ ಚಾಸಿಗೆ ಇಳಿದಿದ್ದರೆ ಮಾತ್ರ. ಪ್ಲೈವುಡ್‌ಗೆ ಬಿಗಿದ ಬೆಲ್ಟ್ ಅಪಘಾತದಲ್ಲಿ ಹಲಗೆಯ ಸಮೇತ ಕಿತ್ತುಬರುತ್ತದೆ. ಪಕ್ಕಕ್ಕೆ ಮುಖ ಮಾಡಿದ ಸೀಟಿನಲ್ಲಿ ಮಕ್ಕಳು ಬೇಡವೇ ಬೇಡ.

ಪ್ರಶ್ನೆ: ಕೆಲಸ ಮುಗಿದಾಗ ಏನೇನು ಕೇಳಿ ಪಡೆಯಬೇಕು?

ಉತ್ತರ: ಗೋಡೆಯ ಹಲಗೆ ಮುಚ್ಚುವ ಮೊದಲು ಪ್ರತಿ ಬದಿಯ ಫೋಟೋ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು. ವೈರಿಂಗ್ ನಕ್ಷೆ, ಫ್ಯೂಸ್‌ಗಳ ಪಟ್ಟಿ. ಪಂಪ್, ವಾಲ್ವ್, ಫ್ಯೂಸ್ ಪೆಟ್ಟಿಗೆಗೆ ಸ್ಕ್ರೂಡ್ರೈವರ್ ಒಂದರಲ್ಲೇ ಕೈ ತಲುಪಬೇಕು. ಅಡುಗೆ ಅನಿಲ ಇಟ್ಟುಕೊಂಡರೆ ಅದರ ಸೋರಿಕೆ ಅಲಾರಂ ನೆಲದ ಹತ್ತಿರವೇ ಇರಬೇಕು, ಆ ಅನಿಲ ಗಾಳಿಗಿಂತ ಭಾರ. ಕೊನೆಗೆ ನೀರು, ಡೀಸೆಲ್ ತುಂಬಿಸಿ, ಮನೆಯವರೆಲ್ಲ ಹತ್ತಿ, ವೇ ಬ್ರಿಜ್‌ನಲ್ಲಿ (ಲಾರಿ ತೂಗುವ ತಕ್ಕಡಿಯಲ್ಲಿ) ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಕೊನೆಯ ಕಂತು ಕೊಡುವುದು ಆ ಚೀಟಿ ನೋಡಿದ ಮೇಲೆ.