ಮಲಯಾಳದ ‘ಉದ್ಧಾರಣಕ್ಕುರವ್’: ಕನ್ನಡದಲ್ಲಿ ಏನು ಬರೆಯೋಣ?

ಎಲ್ಲರಿಗೂ ಕುಂಬಳೆಯಿಂದ ನಮಸ್ಕಾರ.

ಆರೋಗ್ಯದ ಕರಪತ್ರವೊಂದನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಗಂಡಸರಿಗೆ ಸರಿಯಾಗಿ ನಿಮಿರದಿರುವ ತೊಂದರೆಗೆ ಅದರಲ್ಲಿ ‘ಉದ್ಧಾರಣಕ್ಕುರವ್’ ಅಂತಿದೆ. ನಮ್ಮ ಕಾಸರಗೋಡಿನಲ್ಲಿ ಎಷ್ಟೋ ಸಲ ಲಿಪಿ ಮಾತ್ರ ಬದಲಿಸಿ ಮಲಯಾಳದ ಪದವನ್ನೇ ಇಟ್ಟುಬಿಡುತ್ತಾರೆ. ಇಲ್ಲಿ ಅದು ನಡೆಯದು. ಕನ್ನಡದವರಿಗೆ ಉದ್ಧಾರ ಅಂದರೆ ಏಳಿಗೆ ಅಲ್ವಾ? ‘ಪರಿಶೋಧನ’ದ್ದೂ ಇದೇ ಕತೆ. ಅಲ್ಲಿ ರಕ್ತದ ಟೆಸ್ಟಿಗೂ ಅದೇ ಪದ. ನಮಗೆ ಪರಿಶೋಧನೆ ಎಂದರೆ ಲೆಕ್ಕಪತ್ರ ನೆನಪಾಗುತ್ತದೆ.

ನಪುಂಸಕತೆ, ಷಂಡತನ ಎಂಬ ಹಳೆಯ ಪದಗಳು ಖಂಡಿತ ಬೇಡ. ಅವು ಮನುಷ್ಯನನ್ನೇ ಹಳಿಯುತ್ತವೆ. ಅಂಥ ಹೆಸರಿಗೆ ನಾಚಿದವರು ಡಾಕ್ಟರ ಬಳಿ ಹೋಗದೆ, ಯಾರಿಗೂ ಹೇಳದೆ ಮಾತ್ರೆ ನುಂಗುತ್ತಾರೆ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ, ನಿಮಿರಲು ಕೊಡುವ ಔಷಧಿ) ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಇನ್ನೊಂದು ಮಾತು. ಶಿಶ್ನದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ನಾಳಗಳು ಕೆಡುತ್ತಿದ್ದರೆ ಎದೆನೋವಿಗಿಂತ ಕೆಲವು ವರ್ಷ ಮೊದಲೇ ಇಲ್ಲಿ ಗೊತ್ತಾಗಬಹುದು. ಸಕ್ಕರೆ ಕಾಯಿಲೆ ಇರುವುದೂ ಕೆಲವರಿಗೆ ಈ ತೊಂದರೆಯಿಂದಲೇ ಮೊದಲು ತಿಳಿಯುತ್ತದೆ. ಹಾಗಾಗಿ ಓದಿದವರು ಟೆಸ್ಟಿಗೆ ಹೋಗಬೇಕು. ಅದಕ್ಕೇ ಹೆಸರಿನ ಬಗ್ಗೆ ನನಗೆ ಇಷ್ಟು ಕಾಳಜಿ.

‘ನಿಮಿರು ದೌರ್ಬಲ್ಯ’ ಎಂದು ಬರೆಯುವವರಿದ್ದಾರೆ. ದೌರ್ಬಲ್ಯ ಎಂದರೆ ಮತ್ತೆ ಆಳಿನ ಮೇಲೇ ತಪ್ಪು ಹೊರಿಸಿದಂತೆ ನನಗೆ ಕೇಳಿಸುತ್ತದೆ. ‘ನಿಮಿರುವಿಕೆಯ ತೊಂದರೆ’ ಸಾಕಲ್ಲವೇ?

ಟೆಸ್ಟುಗಳಲ್ಲಿ ಶುಗರ್, ಕೊಲೆಸ್ಟ್ರಾಲ್, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಎಂಬವನ್ನು ಹಾಗೇ ಇಡುತ್ತೇನೆ, ಜನ ಆಡುವುದೂ ಹಾಗೆಯೇ. (ಡಾಪ್ಲರ್ ಎಲ್ಲರಿಗೂ ಬೇಕಾಗುವುದಿಲ್ಲ, ಅದನ್ನು ಕರಪತ್ರದಲ್ಲೂ ಹೇಳಬೇಕು.) ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್‌ಗೆ ‘ಬೆಳಗ್ಗಿನ ಹೊತ್ತು ರಕ್ತ ಕೊಡಿ, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಿ’ ಎಂದು ಬಿಡಿಸಿ ಬರೆದಿದ್ದೇನೆ.

ಒಂದು ಟೆಸ್ಟಿಗೆ ಮಾತ್ರ ಹೆಸರು ಸಿಗುತ್ತಿಲ್ಲ. ನಿದ್ದೆಯಲ್ಲಿ ತಾನಾಗಿ ನಿಮಿರುತ್ತದೆಯೇ ಎಂದು ಅಳೆಯುವ ಟೆಸ್ಟ್ ಅದು. ಚೆನ್ನಾಗಿ ನಿಮಿರಿದರೆ ನರ, ರಕ್ತನಾಳ ಹೆಚ್ಚುಕಡಿಮೆ ಸರಿ ಇವೆ, ಕಾರಣ ಮನಸ್ಸಿನ ಕಡೆ ಇರಬಹುದು ಎಂದು ಡಾಕ್ಟರು ಊಹಿಸುತ್ತಾರೆ. ‘ನಿದ್ದೆ ನಿಮಿರು ಪರೀಕ್ಷೆ’ ಎಂದರೆ ಅರ್ಥವಾದೀತೇ?

ಧಾರವಾಡ, ಬಳ್ಳಾರಿ, ಮೈಸೂರು ಕಡೆಯ ಡಾಕ್ಟರು ರೋಗಿಗಳ ಎದುರು ಈ ತೊಂದರೆಗೆ ಏನನ್ನುತ್ತಾರೆ? ಬಲ್ಲವರು ತಿಳಿಸಿ.