ಟೊಮೇಟೊ ಪಾಸ್ತಾ ಬೇಕ್ ಮಾಡಿದರೆ ಮೇಲೆ ಗಟ್ಟಿ, ತಳದಲ್ಲಿ ನೀರು

ಕೋಲಾರ_ತೋಟದಮನೆ:
ತುಂಬಾ ಬೇಜಾರಾಗಿದೆ. ಪ್ರತಿ ಸಲವೂ ಇದೇ ಗೋಳು. ಮೇಲಿನ ಪೆನ್ನೆ ಒಣಗಿ ಕಟಕಟ ಅನ್ನುತ್ತೆ. ಚಮಚ ಹಾಕಿ ಕೆದಕಿದರೆ ತಳದಲ್ಲಿ ತಿಳಿಸಾರಿನ ಹಾಗೆ ಕೆಂಪು ನೀರು. ಚೀಸ್ ಕಂದು ಬಣ್ಣಕ್ಕೆ ತಿರುಗಿರುತ್ತೆ, ನಡುವೆ ಮುಟ್ಟಿದರೆ ಇನ್ನೂ ತಣ್ಣಗೆ. ರೆಸಿಪಿಯಲ್ಲಿ ಹೇಳಿದ ಹಾಗೆ 25 ನಿಮಿಷ ಇಡುತ್ತೇನೆ. ಮಕ್ಕಳು ತಟ್ಟೆ ಹಿಡಿದು ಕೂತಿರುತ್ತಾರೆ, ಕೊನೆಗೆ ಎಲ್ಲ ಬಾಣಲೆಗೆ ಸುರಿದು ಬಿಸಿ ಮಾಡಿ ಬಡಿಸಬೇಕು. ಟೊಮೇಟೊ ನಮ್ಮ ತೋಟದ್ದೇ. ದಯವಿಟ್ಟು ಯಾರಾದರೂ ಹೇಳಿ.

ಮುಳಬಾಗಿಲು_ಮನೆಯೂಟ:
ಟೊಮೇಟೊ ನಾಟಿನಾ, ಹೈಬ್ರಿಡ್ಡಾ? ನಾಟಿ ಆದರೆ ಅದೇ ಕಾರಣ. ರಸ ಜಾಸ್ತಿ. ಸಾಸ್ ಎಣ್ಣೆ ಬಿಡುವವರೆಗೆ ಬಾಡಿಸಿ. ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಅದು ತಕ್ಷಣ ಮುಚ್ಚಿಕೊಳ್ಳಬಾರದು.

ಕೋಲಾರ_ತೋಟದಮನೆ:
ನಾಟಿನೇ ಅಕ್ಕ. ಎಣ್ಣೆ ಬಿಡುವವರೆಗೂ ಬಾಡಿಸಿದ್ದೆ.

ಮುಳಬಾಗಿಲು_ಮನೆಯೂಟ:
ಹಾಗಾದರೂ ಸಾಲದು. ಬೀಜ, ಲೋಳೆ ಎಲ್ಲ ತೆಗೆದು ಬರೀ ತಿರುಳು ಹಾಕಿ ನೋಡಿ.

ಬಂಗಾರಪೇಟೆ_ಬೆಳೆಗಾರ:
ಲೋಳೆ ತೆಗೆದರೆ ರುಚಿ ಎಲ್ಲಿಂದ ಬರಬೇಕು? ಹುಳಿ ಇರೋದೇ ಅಲ್ಲಿ. ನೀರು ಬೇಡ ಅಂದರೆ ಹೈಬ್ರಿಡ್ ತಗೊಳ್ಳಿ. ಮಾರ್ಕೆಟ್‌ನಲ್ಲಿ 15 ಕೆಜಿ ಬಾಕ್ಸ್‌ಗೆ ತುಂಬೋ ಹಣ್ಣು ದೂರದ ಊರು ತಡೆಯಬೇಕು, ಅದಕ್ಕೇ ಸಿಪ್ಪೆ ಗಟ್ಟಿ, ತಿರುಳು ದಪ್ಪ. ನಾನು ಬೆಳೆಯೋದು ಅದನ್ನೇ.

ಮುಳಬಾಗಿಲು_ಮನೆಯೂಟ:
ಬೆಳೆಯೋದು ಸರಿ ಅಣ್ಣ, ನಿಮ್ಮ ಮನೆ ಸಾರಿಗೆ ಯಾವುದು ಹಾಕ್ತಾರೆ?

ಬಂಗಾರಪೇಟೆ_ಬೆಳೆಗಾರ:
ಸಾರಿಗೆ ನಾಟಿ. ಸಾರು ಬೇರೆ, ಸಾಸ್ ಬೇರೆ.

ಶ್ರೀನಿವಾಸಪುರ_ವೈರಿಂಗ್:
ಟೊಮೇಟೊ ಬಿಡಿ. ನಡುವೆ ತಣ್ಣಗಿದೆ ಅಂದರೆ ಶಾಖ ಸಾಲುತ್ತಿಲ್ಲ. ಓಟಿಜಿ (ರಾಡ್ ಇರುವ ಕರೆಂಟ್ ಓವನ್) ಎಷ್ಟು ವ್ಯಾಟ್? ಸಂಜೆ ಹೊತ್ತು ವೋಲ್ಟೇಜ್ ನೋಡಿದ್ದೀರಾ? 230 ಇರಬೇಕಾದ ಕಡೆ 180 ಬಂದರೆ ರಾಡ್ ಕೊಡುವ ಶಾಖ ಸುಮಾರು 60 ಪರ್ಸೆಂಟ್‌ಗೆ ಇಳಿಯುತ್ತೆ. ನಮ್ಮ ಮನೆಯಲ್ಲಿ 45 ಲೀಟರ್ ಓಟಿಜಿ. ಅದಕ್ಕೇ ಅಂತ 16 ಆಂಪ್ ಪ್ಲಗ್, ಬೇರೆ ಲೈನ್, 4 ಕೆವಿಎ ಸ್ಟೆಬಿಲೈಜರ್. ಒಳಗೆ ಪ್ರತ್ಯೇಕ ಥರ್ಮಾಮೀಟರ್ ತೂಗುಹಾಕಿದ್ದೇನೆ. 200 ಡಿಗ್ರಿ ಅಂದರೆ 200.

ಕೋಲಾರ_ತೋಟದಮನೆ:
ಓಟಿಜಿ ಅಲ್ಲ ಅಣ್ಣ, ಮೈಕ್ರೋವೇವ್. ಗ್ರಿಲ್ ಒತ್ತುತ್ತೇನೆ. ಚೀಸ್ ಕಂದಾಗಬೇಕಲ್ವಾ?

ಚಿಂತಾಮಣಿ_ಬೇಕಿಂಗ್:
ಇದನ್ನ ಮೊದಲೇ ಕೇಳಬೇಕಿತ್ತು. ಗ್ರಿಲ್ ಅಂದರೆ ಮೇಲಿನ ರಾಡ್ ಮಾತ್ರ. ಮೇಲ್ಪದರ ಸುಡುತ್ತೆ, ಒಳಗೆ ಶಾಖ ಇಳಿಯಲ್ಲ. ಕನ್ವೆಕ್ಷನ್ (ಫ್ಯಾನ್ ಬಿಸಿ ಗಾಳಿ ಸುತ್ತಿಸುವ ಮೋಡ್) ಇದ್ದರೆ 200 ಡಿಗ್ರಿಗೆ ಖಾಲಿ ಬಿಸಿ ಮಾಡಿ, ಫಾಯಿಲ್ ಮುಚ್ಚಿ 15 ನಿಮಿಷ, ತೆಗೆದು ಇನ್ನೊಂದು 10.

ಮುಳಬಾಗಿಲು_ಮನೆಯೂಟ:
ಮೈಕ್ರೋವೇವ್ ಒಳಗೆ ಫಾಯಿಲ್ಲಾ? ಕಿಡಿ ಹಾರುತ್ತೆ!

ಚಿಂತಾಮಣಿ_ಬೇಕಿಂಗ್:
ಬರೀ ಕನ್ವೆಕ್ಷನ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತೆ. ಮೈಕ್ರೋ, ಅದು ಸೇರಿರುವ ಕಾಂಬಿ ಮೋಡ್‌ನಲ್ಲಿ ಬೇಡ. ಮ್ಯಾನುವಲ್ ನೋಡಿಕೊಳ್ಳಿ.

ಕೋಲಾರ_ತೋಟದಮನೆ:
ನಮ್ಮದರಲ್ಲಿ ಕನ್ವೆಕ್ಷನ್ ಇಲ್ಲ. ಮೈಕ್ರೋ, ಗ್ರಿಲ್ ಎರಡೇ.

ಚಿಂತಾಮಣಿ_ಬೇಕಿಂಗ್:
ಹಾಗಾದರೆ ಫಾಯಿಲ್ ಬೇಡವೇ ಬೇಡ. ಪ್ಯಾಕೆಟ್ ಮೇಲೆ ಹೇಳಿದ್ದಕ್ಕಿಂತ 2 ನಿಮಿಷ ಮೊದಲೇ ಪಾಸ್ತಾ ಇಳಿಸಿ. ಬಸಿಯುವಾಗ ತೂತಿನ ಪಾತ್ರೆಯನ್ನು ಚೆನ್ನಾಗಿ ಕುಲುಕಿ. ಪೆನ್ನೆ ಕೊಳವೆ ಥರ ಇರುತ್ತಲ್ವಾ, ಒಂದೊಂದರ ಒಳಗೂ ಬೇಯಿಸಿದ ನೀರು ನಿಂತಿರುತ್ತೆ. ಅದೇ ಆಮೇಲೆ ಇಳಿದು ತಳ ಸೇರೋದು. ಸಾಸ್ ಬಿಸಿ ಇರುವಾಗಲೇ ಕಲಸಿ. ಓವನ್‌ಗೆ ಆಗುವ ಗಾಜಿನ ಬೌಲ್‌ಗೆ ಹಾಕಿ, ಮುಚ್ಚಿ, ನಡುವೆ ಹಬೆಯಾಡುವಷ್ಟು ಬಿಸಿ ಆಗುವವರೆಗೆ ಮೈಕ್ರೋ ಮಾಡಿ. ಆಮೇಲೆ ಮುಚ್ಚಳ ತೆಗೆದು, ಮೊಝರೆಲ್ಲಾ ಉದುರಿಸಿ, ಗ್ರಿಲ್‌ನಲ್ಲಿ ಬಣ್ಣ ಬರುವವರೆಗೆ ಮಾತ್ರ. ಇಳಿಸಿ 10 ನಿಮಿಷ ಬಿಡಿ, ಉಳಿದ ರಸ ಪಾಸ್ತಾ ಹೀರಿಕೊಳ್ಳುತ್ತೆ.

ಕೋಲಾರ_ತೋಟದಮನೆ:
ಹಾಗೇ ಮಾಡಿದೆ ಅಕ್ಕ. ತಳದಲ್ಲಿ ನೀರಿಲ್ಲ, ನಡುವೆ ಬಿಸಿಬಿಸಿ. ಅಂಚಿನದು ಮಾತ್ರ ಇನ್ನೂ ಗಟ್ಟಿ.

ಚಿಂತಾಮಣಿ_ಬೇಕಿಂಗ್:
ಅರ್ಧ ಲೋಟ ಸಾಸ್ ಎತ್ತಿಡಿ. ಚೀಸ್‌ಗೆ ಮೊದಲು ಅಂಚಿಗೆಲ್ಲ ಸವರಿ, ಪಾಸ್ತಾ ಬರಿಮೈ ಕಾಣಬಾರದು.

ಮುಳಬಾಗಿಲು_ಮನೆಯೂಟ:
ಮುಂದಿನ ಸಲ ಬೀಜ ತೆಗೆದೂ ಒಂದ್ಸಲ ನೋಡಿ.

ಬಂಗಾರಪೇಟೆ_ಬೆಳೆಗಾರ:
ಶ್ರೀನಿವಾಸಪುರದ ಅಣ್ಣ, ಆ 4 ಕೆವಿಎ ಸ್ಟೆಬಿಲೈಜರ್‌ಗೆ ಎಷ್ಟಾಯ್ತು? ನಮ್ಮ ಕಡೆನೂ ಸಂಜೆ ಲೈಟ್ ಮಂಕಾಗುತ್ತೆ.