ಗೀಸರ್ ಲೈಟ್ ಬೇಗ ಆರುತ್ತೆ, ನೀರು ಬರೀ ಉಗುರುಬೆಚ್ಚಗೆ. ಚಳಿಗೆ ಮುಂಚೆ ಸರಿಯಾಗುತ್ತಾ?

ಬಿಸಿಲೂರು_ರಾಯಚೂರು:
ನಮಸ್ಕಾರ. 15 ಲೀಟರ್ ಗೀಸರ್, 2000 ವ್ಯಾಟ್. ಬೋರ್ ನೀರು. ನಮ್ಮ ಕಡೆ ಬೇಸಿಗೆ ಬಂದರೆ ಗೀಸರ್ ಮುಟ್ಟೋ ಮಾತೇ ಇಲ್ಲ, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕ್ ನೀರೇ ಕೈ ಸುಡುತ್ತೆ. ಈಗ ದೀಪಾವಳಿ ಎಣ್ಣೆ ಸ್ನಾನಕ್ಕೆ ಅಂತ ಹಾಕಿದರೆ ಒಳಗಿಂದ ಚಟಪಟ ಸದ್ದು. ಏಳೆಂಟು ನಿಮಿಷಕ್ಕೆ ಲೈಟ್ ಆರುತ್ತೆ, ನೀರು ಉಗುರುಬೆಚ್ಚಗೆ. ಎಲೆಕ್ಟ್ರಿಷಿಯನ್ "ಕಾಯಿಲ್ ಹೋಗಿದೆ, ಹೊಸದೇ ತಗೊಳ್ಳಿ" ಅಂದ. ಹೌದಾ?

ಸ್ಪ್ಯಾನರ್_ಬಳ್ಳಾರಿ:
ಕಾಯಿಲ್ ಹೋಗಿದ್ದರೆ ನೀರು ಬೆಚ್ಚಗೂ ಆಗ್ತಿರಲಿಲ್ಲ, ಅಲ್ವಾ? ಲೈಟ್ ಎಷ್ಟು ಹೊತ್ತು ಉರಿಯುತ್ತೆ ಅನ್ನೋದೇ ಇಲ್ಲಿ ಮುಖ್ಯ. ಈ ಕಾಯಿಲ್‌ಗೆ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 18 ನಿಮಿಷ ಬೇಕು. ಲೈಟ್ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಉರಿದರೆ ವೋಲ್ಟೇಜ್ ಮೇಲೆ ಅನುಮಾನ. 230 ಇರಬೇಕಾದ ಕಡೆ 180 ಬಂದರೆ 2000 ವ್ಯಾಟ್ ಕಾಯಿಲ್ 1200ರ ಆಸುಪಾಸಿಗೆ ಇಳಿಯುತ್ತೆ. ನಿಮ್ಮದು ಉಲ್ಟಾ, ಬೇಗ ಆರ್ತಿದೆ. ಅಂದರೆ ಥರ್ಮೋಸ್ಟಾಟ್ (ಬಿಸಿ ನೋಡಿ ಕರೆಂಟ್ ಕಟ್ ಮಾಡೋ ಭಾಗ) ಮೋಸ ಹೋಗ್ತಿದೆ.

ಕಾಯಿಲ್, ಥರ್ಮೋಸ್ಟಾಟ್ ಕೂರೋ ಕೊಳವೆ ಎರಡೂ ಒಂದೇ ಪ್ಲೇಟಿನ ಮೇಲೆ ಅಕ್ಕಪಕ್ಕ ಇರುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ ಬಿಸಿಗೆ ಬಿಳಿ ಪದರವಾಗಿ ಕೂರುತ್ತೆ. ಗಾರೆ ಮೆತ್ತಿದ ಹಾಗೆ ಅದು ಎರಡನ್ನೂ ಸೇರಿಸಿಬಿಟ್ಟರೆ ಕಾಯಿಲ್ ಶಾಖ ನೇರ ಥರ್ಮೋಸ್ಟಾಟ್‌ಗೆ ಹೋಗುತ್ತೆ. ನೀರು ಕಾಯೋ ಮೊದಲೇ ಕಟ್. ಚಟಪಟ ಸದ್ದೂ ಅದರದ್ದೇ, ಪದರದ ಸಂದಿಯಲ್ಲಿ ಸಿಕ್ಕ ನೀರು ಕುದಿಯೋದು. ನಾಬ್ ಕಡಿಮೆಗೆ ತಿರುಗಿಲ್ಲ ತಾನೆ?

ಬಿಸಿಲೂರು_ರಾಯಚೂರು:
ಇಲ್ಲ ಅಣ್ಣ, ಫುಲ್ ಇದೆ. ಬಾತ್‌ರೂಮ್ ಆಸಿಡ್ ಹಾಕಿ ತೊಳೀಬಹುದಾ?

ಸ್ಪ್ಯಾನರ್_ಬಳ್ಳಾರಿ:
ಬೇಡವೇ ಬೇಡ. ಪದರದ ಜೊತೆ ಲೋಹನೂ ತಿನ್ನುತ್ತೆ. ಎಂಸಿಬಿ (ಬೋರ್ಡಿನಲ್ಲಿ ಕರೆಂಟ್ ಕಟ್ ಮಾಡೋ ಸ್ವಿಚ್) ಇಳಿಸಿ, ನೀರು ತಣ್ಣಗಾಗಲಿ. ಒಳಗೆ ಬರೋ ವಾಲ್ವ್ ಮುಚ್ಚಿ ಪೂರ್ತಿ ಖಾಲಿ ಮಾಡಿ. ಕೆಳಗಿನ ಕವರ್ ತೆಗೆದು, ಟೆಸ್ಟರ್ ಹಚ್ಚಿ ನೋಡಿ, ವೈರ್‌ಗಳ ಫೋಟೋ ಹೊಡ್ಕೊಳ್ಳಿ. ಆಮೇಲೆ ನಟ್ ಬಿಚ್ಚಿ. ವೈರ್ ಕೆಲಸ ರೂಢಿ ಇಲ್ಲ ಅಂದ್ರೆ ಸುಮ್ನೆ ಕೈ ಹಾಕಬೇಡಿ, ಬಲ್ಲವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಪ್ಪ ಪದರವನ್ನು ಮರದ ಚಕ್ಕೆಯಿಂದ ಕೀಳಿ, ಉಳಿದದ್ದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬಿಸಿ ನೀರು ಸಾಕು. ಕಾಯಿಲ್ ಮಾತ್ರ ಮುಳುಗಲಿ, ಟರ್ಮಿನಲ್ ಒದ್ದೆ ಆಗಬಾರದು. ಟ್ಯಾಂಕ್ ತಳದಲ್ಲೂ ಹರಳು ಬಿದ್ದಿರುತ್ತೆ, ತೊಳೀರಿ.

ಅದೇ ಪ್ಲೇಟಿನ ಮೇಲೆ ಮೆಗ್ನೀಸಿಯಂ ಕಡ್ಡಿ ಇರುತ್ತೆ. ಟ್ಯಾಂಕಿನ ಬದಲು ತಾನು ಸವೀಲಿ ಅಂತಲೇ ಇಟ್ಟಿರೋದು. ಒಳಗಿನ ತಂತಿ ಮಾತ್ರ ಉಳಿದಿದ್ದರೆ ಬದಲಿಸಿ. ರಬ್ಬರ್ ವಾಷರ್ ಹೊಸದೇ ಹಾಕಿ.

ಕೊಪ್ಪಳ_ಅಡುಗೆಮನೆ:
ಅಣ್ಣಾ, ನಮ್ಮ ಗೀಸರ್ ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ಹನಿ ಬೀಳುತ್ತೆ. ಮುಚ್ಚಿಬಿಡಲಾ?

ಸ್ಪ್ಯಾನರ್_ಬಳ್ಳಾರಿ:
ಮುಚ್ಚಬೇಡಿ ಅಕ್ಕ! ನೀರು ಕಾದಾಗ ಹಿಗ್ಗುತ್ತೆ, ಆ ಒತ್ತಡ ಹೊರಗೆ ಬರೋ ದಾರಿ ಅದೊಂದೇ. ಸ್ವಿಚ್ ಆರಿಸಿ, ತಣ್ಣಗಾದ ಮೇಲೂ ನಿಲ್ಲದೆ ಬೀಳುತ್ತಿದ್ದರೆ ಮಾತ್ರ ಚೆಕ್ ಮಾಡಿಸಿ. ನಿಮಗೆ ತುಂಗಭದ್ರಾ ನೀರು ಬರೋದಾದರೆ ಗೀಸರ್‌ಗೆ ಅದನ್ನೇ ಬಿಡಿ, ಬೋರ್ ನೀರು ಪಾತ್ರೆ, ಅಂಗಳಕ್ಕಿರಲಿ.

ಬಿಸಿಲೂರು_ರಾಯಚೂರು:
ಬಿಚ್ಚಿದೆವು. ಅಬ್ಬಾ, ಕಾಯಿಲ್ ಕಾಣಿಸ್ತಾನೇ ಇರಲಿಲ್ಲ! ತೊಳೆದು, ಹೊಸ ವಾಷರ್, ಹೊಸ ಕಡ್ಡಿ ಹಾಕಿ ಜೋಡಿಸಿದೆವು. ನೀರು ಬಿಟ್ಟರೆ ಪ್ಲೇಟ್ ಅಂಚಲ್ಲಿ ಸಣ್ಣಗೆ ಜಿನುಗ್ತಿದೆ. ಸ್ವಿಚ್ ಇನ್ನೂ ಹಾಕಿಲ್ಲ.

ಸ್ಪ್ಯಾನರ್_ಬಳ್ಳಾರಿ:
ಹಾಕಲೇಬೇಡಿ, ಟರ್ಮಿನಲ್ ಅಲ್ಲೇ ಇದೆ. ನೀರು ಇಳಿಸಿ, ವಾಷರ್ ಸರಿ ಕೂತಿದೆಯಾ ನೋಡಿ. ನಟ್‌ಗಳನ್ನು ಒಂದೇ ಕಡೆಯಿಂದ ಬಿಗಿಯಬೇಡಿ, ಎದುರುಬದುರು ಸ್ವಲ್ಪ ಸ್ವಲ್ಪವೇ. ಮತ್ತೆ ತುಂಬಿಸಿ, ಬಿಸಿ ನೀರಿನ ನಲ್ಲಿ ತೆರೆದಿಡಿ. ಗಾಳಿ ಹೋಗಿ ಧಾರೆ ಒಂದೇ ಸಮ ಬರಲಿ, ಅಂಚು ಒಣಗಿರಲಿ, ಆಮೇಲೆ ಸ್ವಿಚ್. ನಾಬ್ ಫುಲ್ ಬೇಡ, 50–55ಕ್ಕೆ ಇಡಿ. ಬಿಸಿ ಜಾಸ್ತಿ ಆದಷ್ಟೂ ಪದರ ಬೇಗ ಕಟ್ಟುತ್ತೆ.